ಎರಡನೇ ಶನಿವಾರದ ಕೆಂಪು ಕಾರು

ಕಕ್ಕಿಂಜೆ
13 ಮೇ 2025

ಪ್ರೀತಿಯ ಯಶೋಧಕ್ಕನಿಗೆ,

ನಾನು ಮನೆ ಮುಟ್ಟಿದೆ. ಇಷ್ಟು ಹೇಳಲಿಕ್ಕೆ ಎರಡು ದಿನ ಬೇಕಾಯಿತೇ ಎಂದು ಬೈಯಬೇಡಿ. ಶನಿವಾರದ ಗಾಳಿಗೆ ಇಲ್ಲಿಯೂ ಕಂಬಗಳು ಉರುಳಿವೆ, ಕರೆಂಟಿಲ್ಲ, ಟವರ್ ಸತ್ತಿದೆ. ಇನ್ನು ಮಳೆಗಾಲ ಮುಗಿಯುವವರೆಗೆ ನನ್ನ ಮೊಬೈಲು ಗಂಟೆ ನೋಡಲಿಕ್ಕೆ ಮಾತ್ರ ಎಂಬುದು ನಿಮಗೆ ಗೊತ್ತೇ ಇದೆ. ಪ್ರತಿ ವರ್ಷದಂತೆ ಕಾಗದವೇ ಗತಿ.

ಭಾನುವಾರ ನಿಮ್ಮ ಶಿರ್ತಾಡಿಯಿಂದ ಮೂಡುಬಿದಿರೆ, ಅಲ್ಲಿಂದ ಬೆಳ್ತಂಗಡಿ, ಅಲ್ಲಿಂದ ಇಲ್ಲಿಗೆ, ಮೂರು ಬಸ್ಸು, ನಾಲ್ಕೂವರೆ ಗಂಟೆ. ಮೊಣಕಾಲು ಇನ್ನೂ ನನ್ನ ಮಾತು ಕೇಳುತ್ತಿಲ್ಲ. ತಮ್ಮ ರಮಾನಾಥ ಜಗಲಿಯಲ್ಲೇ ಕಾಯುತ್ತಿದ್ದ. "ಕಾರು ಎಲ್ಲಿ ಅಕ್ಕ?" ಎಂದು ಕೇಳಿದ. ಹೇಳಿದೆ. "ಅರುವತ್ತಕ್ಕೆ ಡ್ರೈವಿಂಗ್ ಕಲಿಯುವುದು ಬೇಡ ಅಂತ ನಾನು ಆಗಲೇ ಹೇಳಿದ್ದೆ" ಎಂದ. ಮರ ಬಿದ್ದದ್ದಕ್ಕೂ ನಾನು ಡ್ರೈವಿಂಗ್ ಕಲಿತದ್ದಕ್ಕೂ ಏನು ಸಂಬಂಧ ಮಾರಾಯ ಎಂದು ಕೇಳಿದೆ.

ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ನಾವಿಬ್ಬರೂ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ನೀವು ಬಂಟ್ವಾಳದ ನಮ್ಮ ಬಾಡಿಗೆ ಕೋಣೆಯ ಕಥೆ ತೆಗೆದಿದ್ದಿರಿ, ಮುಖ್ಯೋಪಾಧ್ಯಾಯರು ಬಂದಾಗ ನಾವು ಸೀಮೆಎಣ್ಣೆ ಸ್ಟವ್ ಮಂಚದಡಿಗೆ ತಳ್ಳಿದ್ದು. ಆಗಲೇ ಗಾಳಿ ಎದ್ದದ್ದು. ಮತ್ತೆ ಎಣಿಸಿ ಹತ್ತು ನಿಮಿಷ ಆಗಿರಲಿಲ್ಲ, ನಿಮ್ಮ ಅಂಗಳದ ಕಾಟುಮಾವಿನ ಮರದ ಆ ದೊಡ್ಡ ಗೆಲ್ಲು ಮುರಿದು ಬಂದು ನನ್ನ ಕೆಂಪು ಕಾರಿನ ನೆತ್ತಿಯ ಮೇಲೆ ಕೂತುಬಿಟ್ಟಿತು. ಆ ಗೆಲ್ಲಿನಲ್ಲೇ ಅಲ್ಲವೇ ನಿಮ್ಮ ಜೇನುನೊಣಗಳಿದ್ದದ್ದು? ಸಂಜೆ ಕಾರು ನಿಲ್ಲಿಸಿದಾಗ ತಲೆಯ ಮೇಲೆ ಗುಂಯ್ ಎನ್ನುತ್ತಿದ್ದವು.

ಮರುದಿನ ನಾನು ಏಳುವಷ್ಟರಲ್ಲಿ ನೀವು ಅಂಗಳವನ್ನೆಲ್ಲ ಗುಡಿಸಿ ಆಗಿತ್ತು. ಅರುವತ್ತಾರನೇ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ನಿಮಗೆ?

ಮೂಡುಬಿದಿರೆಯ ಗ್ಯಾರೇಜಿನ ಅಬ್ದುಲ್ ಸಲಾಂ ಸೋಮವಾರ ಬಂದು ಕಾರನ್ನು ಎಳೆದುಕೊಂಡು ಹೋಗುತ್ತೇನೆಂದಿದ್ದ. ಹೋಗಿರಬಹುದು. ದುಡ್ಡಿನ ಬಗ್ಗೆ ನೀವು ತಲೆಬಿಸಿ ಮಾಡಬೇಡಿ, ಇನ್ಶೂರೆನ್ಸ್ ಉಂಟು. ನನ್ನ ಚಿಂತೆ ಬೇರೆ. ಕಾರು ತೆಗೆದುಕೊಂಡ ಮೇಲೆ ಈ ನಾಲ್ಕು ವರ್ಷಗಳಲ್ಲಿ ಒಂದು ಎರಡನೇ ಶನಿವಾರವೂ ನಾನು ನಿಮ್ಮಲ್ಲಿಗೆ ಬರುವುದು ತಪ್ಪಿಲ್ಲ. ಜೂನ್ ಹದಿನಾಲ್ಕಕ್ಕೆ ಕಾರು ಕೈಗೆ ಸಿಗದಿದ್ದರೆ ಬರುವುದು ಹೇಗೆ? ಮೂರು ಬಸ್ಸು ಹತ್ತಿ ಇಳಿಯುವುದು ಈ ಕಾಲಿಗೆ ಇನ್ನು ಆಗದು. ಸಲಾಂನಿಗೆ ನೀವೇ ಒಮ್ಮೆ ಜೋರು ಮಾಡಿ.

ನಿಮ್ಮ
ಸರಸ



ಶಿರ್ತಾಡಿ
19 ಮೇ 2025

ಪ್ರೀತಿಯ ಸರಸ,

ಕಾಗದ ತಲುಪಿತು. ಇನ್ಶೂರೆನ್ಸ್ ಉಂಟು ಎಂಬ ಸಾಲನ್ನು ಓದಿದ ಮೇಲೆ ನನಗೆ ಸರಿಯಾಗಿ ಉಸಿರು ಬಂತು. ವರ್ಷ ವರ್ಷ ನಿನ್ನ ಬೆನ್ನು ಹತ್ತಿ ಫುಲ್ ಇನ್ಶೂರೆನ್ಸ್ ಮಾಡಿಸು ಎಂದು ಹೇಳಿದ್ದು ಸಾರ್ಥಕವಾಯಿತು. ಗಣಿತದ ಟೀಚರ ಮಾತು ಕನ್ನಡದ ಟೀಚರು ಕೇಳುವುದು ಅಪರೂಪ.

ಸಲಾಂ ಸೋಮವಾರ ಹನ್ನೊಂದು ಗಂಟೆಗೆ ಬಂದ. ಮುಂದಿನ ಗಾಜು ಪೂರ್ತಿ ಹೋಗಿದೆ, ಮೇಲಿನ ತಗಡು ಸೀಟಿನವರೆಗೆ ಕುಸಿದಿದೆ. ಎಂಜಿನಿಗೆ ಏನೂ ಆಗಿಲ್ಲವಂತೆ. ಗೆಲ್ಲನ್ನು ಭಾನುವಾರವೇ ತೆಂಗಿನಕಾಯಿ ಕೀಳುವ ನಿತ್ಯಾನಂದನಿಂದ ತುಂಡು ಮಾಡಿಸಿ ಸಾಗಿಸಿದೆ. ಅಂಗಳ ಈಗ ಚೊಕ್ಕವಾಗಿದೆ. ಜೇನು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ನನ್ನ ತಮ್ಮನ ಮಗ ರಿಷಭ್ ಕೋರ್ಟಿನಿಂದ ಬಂದು ಊಟಕ್ಕೆ ಕೂತವನು, "ಗಾಳಿಮಳೆಗೆ ಮರ ಬಿದ್ದರೆ ಅದು ಮರದವರ ತಪ್ಪು ಅಂತ ಆಗುವುದಿಲ್ಲ ಅತ್ತೆ" ಎಂದ. ಕಾನೂನಿನ ಪ್ರಕಾರ ಇದು ಪ್ರಕೃತಿ ವಿಕೋಪವಂತೆ, ಯಾರೂ ಯಾರಿಗೂ ಕೊಡಬೇಕಾದದ್ದಿಲ್ಲವಂತೆ. ನೀನು ಕೇಳಿದೆ ಎಂದಲ್ಲ. ಗೊತ್ತಿರಲಿ ಎಂದು ಬರೆದೆ.

ಜೂನ್ ಹದಿನಾಲ್ಕಕ್ಕೆ ಬಾ. ಹೆಸರುಬೇಳೆ ಪಾಯಸ ಮಾಡುತ್ತೇನೆ. ಈ ಸಲ ಹೊತ್ತಿಗೆ ಮುಂಚೆ ಬಾ.

ನಿನ್ನ
ಯಶೋಧಕ್ಕ



ಕಕ್ಕಿಂಜೆ
28 ಮೇ 2025

ಯಶೋಧಕ್ಕನಿಗೆ,

ನಿಮ್ಮ ಕಾಗದ ಓದಿದೆ. ರಿಷಭನ ಕಾನೂನನ್ನೂ ಓದಿದೆ. ನಾನು ಕೇಳಿದೆ ಎಂದಲ್ಲ ಎಂದು ನೀವೇ ಬರೆದಿದ್ದೀರಿ. ಹೌದು, ನಾನು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ವಕೀಲರ ಕೈಯಿಂದ ಉತ್ತರ ಕೊಡಿಸುವುದನ್ನು ಮೊದಲ ಸಲ ನೋಡುತ್ತಿದ್ದೇನೆ.

ಮೊನ್ನೆ ಬೆಳ್ತಂಗಡಿಗೆ ಹೋಗಿ ಅಲ್ಲಿಂದ ಸಲಾಂನಿಗೆ ಫೋನು ಮಾಡಿದೆ. ತಗಡು, ಗಾಜು, ಬಾನೆಟ್, ಪೇಂಟ್ ಎಲ್ಲ ಸೇರಿ ನಲುವತ್ತೆಂಟು ಸಾವಿರ ಎಂದ. ನನ್ನ ಪೆನ್ಶನ್ನಿನಲ್ಲಿ ಅದು ಎಷ್ಟು ತಿಂಗಳ ಮಾತು ಎಂದು ಲೆಕ್ಕದ ಟೀಚರಿಗೆ ಹೇಳಬೇಕಾಗಿಲ್ಲ. "ಟೀಚರೇ, ನಿಮ್ಮ ಕಾರಿನ ಡ್ಯಾಶ್‌ಬೋರ್ಡಿನ ಸಂದಿಯಲ್ಲೆಲ್ಲ ಜೇನುತುಪ್ಪ ಉಂಟು, ಇರುವೆ ಹಿಡಿದು ನಮಗೆ ಕೆಲಸ ಮಾಡ್ಲಿಕ್ಕೆ ಆಗ್ತಾ ಇಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಇನ್ಶೂರೆನ್ಸಿನವರದ್ದು ಇನ್ನೂ ಏನೂ ತೀರ್ಮಾನವಾಗಿಲ್ಲ.

ರಮಾನಾಥ ದಿನಾ ಊಟದ ಹೊತ್ತಿಗೆ ಅದನ್ನೇ ತೆಗೆಯುತ್ತಾನೆ. "ಮರ ಯಾರದ್ದು ಅಕ್ಕ? ಅವರು ಏನಾದರೂ ಹೇಳಿದರಾ?" ಎಂದು ಕೇಳಿದ. ಅವರ ಮನೆಯಲ್ಲೇ ವಕೀಲರಿದ್ದಾರೆ, ಯಾರೂ ಯಾರಿಗೂ ಕೊಡಬೇಕಾದದ್ದಿಲ್ಲ ಎಂದು ಹೇಳಿದೆ. ಆಮೇಲೆ ಅವನು ಮರದ ಮಾತು ಎತ್ತಿಲ್ಲ. ಆದರೆ ಕಾರನ್ನು ಗುಜರಿಗೆ ಕೊಟ್ಟುಬಿಡು ಎಂಬುದನ್ನು ಮಾತ್ರ ಬಿಟ್ಟಿಲ್ಲ.

ನಾನು ಮೂವತ್ತೈದು ವರ್ಷ ಬಸ್ಸಿನ ಹೊತ್ತಿಗೆ ಬದುಕಿದವಳು. ಆ ಕಾರಿನಲ್ಲಿ ಕೂತು ಕೀ ತಿರುಗಿಸಿದಾಗ ಮಾತ್ರ ನನ್ನ ಹೊತ್ತು ನನ್ನದು ಅನಿಸುತ್ತಿತ್ತು. ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಿದವಳಲ್ಲ.

ಸರಸ



ಶಿರ್ತಾಡಿ
3 ಜೂನ್ 2025

ಸರಸಳಿಗೆ,

ನಿನ್ನ ಕಾಗದದಲ್ಲಿ ನೀನು ಕೇಳದೆ ಕೇಳಿದ್ದು ನನಗೆ ಅರ್ಥವಾಯಿತು. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿಯೇ ಕಣ್ಣು ಕಳೆದುಕೊಂಡವಳು. ಬರೆಯದೆ ಬಿಟ್ಟದ್ದೂ ನನಗೆ ಕಾಣುತ್ತದೆ.

ಇನ್ಶೂರೆನ್ಸ್ ಇದೆ ಎಂದು ಮೊದಲ ಕಾಗದದಲ್ಲಿ ನೀನೇ ಬರೆದಿದ್ದೆ. ಇನ್ಶೂರೆನ್ಸಿನವರು ಕೊಟ್ಟ ಮೇಲೆ ನನ್ನಿಂದ ಇನ್ನೇನು ಆಗಬೇಕು? ಒಂದೇ ಗಾಜಿಗೆ ಎರಡು ಕಡೆಯಿಂದ ದುಡ್ಡು ತೆಗೆದುಕೊಳ್ಳುವವಳು ನೀನಲ್ಲ. ಇದು ರಮಾನಾಥನ ಯೋಚನೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ.

ಇಷ್ಟು ಬರೆಯುವಾಗ ಇನ್ನೊಂದನ್ನೂ ಬರೆಯಲೇಬೇಕು. ಆ ಸಂಜೆ ಬಡಗು ದಿಕ್ಕಿನಲ್ಲಿ ಮೋಡ ಕಪ್ಪಾದಾಗ ನಾನು "ಕಾರನ್ನು ಶೆಡ್ಡಿನ ಒಳಗೆ ಹಾಕ್ತೀಯಾ?" ಎಂದು ಕೇಳಿದ್ದೆ. ಒಂದಲ್ಲ, ಎರಡು ಸಲ. "ಏನೂ ಆಗುವುದಿಲ್ಲ, ನೀವು ಕಥೆ ಹೇಳಿ" ಎಂದವಳು ನೀನು. ಶೆಡ್ಡು ಖಾಲಿಯಿತ್ತು. ಅದು ಇರುವುದೇ ನಿನ್ನ ಕಾರಿಗಾಗಿ.

ಇನ್ನು ಈ ವಿಷಯವನ್ನು ಕಾಗದದಲ್ಲಿ ಬರೆಯುವುದು ಬೇಡ ಎಂದು ರಿಷಭ್ ಹೇಳಿದ್ದಾನೆ. ನನಗೂ ಅದೇ ಸರಿ ಅನಿಸುತ್ತದೆ. ಹದಿನಾಲ್ಕಕ್ಕೆ ಬರುತ್ತೀಯೋ ಇಲ್ಲವೋ ತಿಳಿಸು.

ಯಶೋಧಾ



ಕಕ್ಕಿಂಜೆ
9 ಜೂನ್ 2025

ಯಶೋಧಾ ಟೀಚರಿಗೆ ನಮಸ್ಕಾರ.

ಹದಿನಾಲ್ಕಕ್ಕೆ ಬರಲಾಗುವುದಿಲ್ಲ. ಕಾರನ್ನು ರಿಪೇರಿ ಮಾಡಿಸುವುದಿಲ್ಲ, ಇದ್ದ ಹಾಗೆಯೇ ಕೊಡುತ್ತೇನೆ. ಗಿರಾಕಿ ನೋಡಲು ಸಲಾಂನಿಗೆ ಹೇಳಿದ್ದೇನೆ. ಹಾಗಾಗಿ ಯಾರು ಕೊಡಬೇಕು ಎಂಬ ಪ್ರಶ್ನೆ ಮುಗಿಯಿತು. ನಿಮ್ಮ ವಕೀಲರಿಗೂ ತಿಳಿಸಿ.

ನನ್ನ ಕನ್ನಡಕದ ಪೆಟ್ಟಿಗೆ ನಿಮ್ಮಲ್ಲಿ ಉಳಿದಿದೆ. ಅದನ್ನು ಪೋಸ್ಟಿನಲ್ಲಿ ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ.

ಇತಿ,
ಸರಸ



ಶಿರ್ತಾಡಿ
8 ಸೆಪ್ಟೆಂಬರ್ 2025

ಸರಸ,

ಮೂರು ತಿಂಗಳಾಯಿತು. ನೀನು ಈ ಲಕೋಟೆಯನ್ನು ಒಡೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಒಡೆದರೆ ಪೂರ್ತಿ ಓದು.

ಇವತ್ತು ಕ್ಷಮಾವಣಿ. ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ನಾವು ಜೈನರು ಗುರುತಿದ್ದವರಿಗೆಲ್ಲ ಒಂದೇ ಮಾತು ಹೇಳುವ ದಿನ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು. ಮೂವತ್ತನಾಲ್ಕು ವರ್ಷಗಳಿಂದ ನಿನಗೂ ಆ ಕಾರ್ಡು ಬರುತ್ತದೆ. ನೀನು ಪ್ರತಿ ವರ್ಷ, "ಏನು ಮಾಡಿದ್ದೀರಿ ಅಂತ ಮೊದಲು ಹೇಳಿ, ಕ್ಷಮಿಸುವ ವಿಚಾರ ಆಮೇಲೆ ನೋಡುವ" ಎಂದು ತಮಾಷೆಗೆ ತಿರುಗಿ ಬರೆಯುತ್ತಿದ್ದೆ. ನಾನು ನಕ್ಕು ಇಡುತ್ತಿದ್ದೆ. ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ.

ಇಂದು ಬೆಳಿಗ್ಗೆ ಬಸದಿಯಿಂದ ಬಂದು ಕೂತು ನಲುವತ್ತು ಕಾರ್ಡು ಬರೆದೆ. ಒಂದೇ ಸಾಲು, ಕೈ ತಾನಾಗಿ ಓಡುತ್ತದೆ. ನಿನ್ನ ಹೆಸರು ಬಂದಾಗ ನಿಂತಿತು. ಕಾರ್ಡು ಬದಿಗಿಟ್ಟು ಈ ಹಾಳೆ ತೆಗೆದುಕೊಂಡೆ. ಈ ವರ್ಷ ನೀನು ಕೇಳುವ ಮೊದಲೇ ಹೇಳುತ್ತೇನೆ.

ಮರ ಟೊಳ್ಳಾಗಿದೆ ಎಂದು ನನಗೆ ಗೊತ್ತಿತ್ತು.

ಜನವರಿಯಲ್ಲಿ ತೆಂಗಿನಕಾಯಿ ಕೀಳಲು ಬಂದ ನಿತ್ಯಾನಂದ ಆ ಗೆಲ್ಲನ್ನು ನೋಡಿ, "ಅಮ್ಮ, ಇದನ್ನು ಮಳೆಗೆ ಮುಂಚೆ ತೆಗೆಸಿ" ಎಂದ. "ಜೇನು ಒಳಗೆ ಹೋಗಿ ಬರ್ತಾ ಉಂಟಲ್ಲ, ಅಂದ್ರೆ ಒಳಗೆ ಅಷ್ಟೂ ಖಾಲಿ." ಏಣಿ ಇಟ್ಟು ಕತ್ತಿಯ ಹಿಂಬದಿಯಿಂದ ಕುಟ್ಟಿ ತೋರಿಸಿದ. ಖಾಲಿ ಡಬ್ಬದ ಸದ್ದು. ಕಡಿ ಎಂದೆ. "ಹೊಗೆ ಹಾಕದೆ ಹತ್ತಲಿಕ್ಕೆ ಆಗುವುದಿಲ್ಲ, ನೊಣ ಬಿಡುವುದಿಲ್ಲ" ಎಂದ.

ನಮ್ಮ ಮನೆಯಲ್ಲಿ ಔಷಧಿಗೂ ಜೇನುತುಪ್ಪ ಮುಟ್ಟುವುದಿಲ್ಲ, ನಿನಗೆ ಗೊತ್ತು. ನಿನಗೆ ಕೆಮ್ಮು ಬಂದಾಗ ಬಂಟ್ವಾಳದ ಕೋಣೆಯಲ್ಲಿ ಒಂದು ಚಮಚ ಜೇನಿಗಾಗಿ ನೀನು ಪಕ್ಕದ ಮನೆಗೆ ಹೋಗಬೇಕಾಗುತ್ತಿತ್ತು. ಅಂಥವಳು ನಾನು ಅಷ್ಟು ಜೀವಗಳ ಮನೆಗೆ ಹೊಗೆ ಹಾಕಿಸುವುದು ಹೇಗೆ? ಅವು ತಾವಾಗಿ ಎದ್ದು ಹೋಗಲಿ, ಆಮೇಲೆ ಬಾ ಎಂದು ಅವನನ್ನು ಕಳಿಸಿದೆ. ಮಾರ್ಚಿನಲ್ಲಿ ಮತ್ತೆ ಬಂದ, ಮತ್ತೆ ಕಳಿಸಿದೆ. ಆಗ ಅದರಲ್ಲಿ ತಪ್ಪು ಕಾಣಲಿಲ್ಲ. ಮರದ ಕೆಳಗೆ ಯಾರೂ ಹೋಗಬಾರದೆಂದು ಮನೆಯವರಿಗೆಲ್ಲ ಹೇಳಿದ್ದೆ. ರಿಷಭನ ಹೆಂಡತಿ ಮೇಘಾ ಬಟ್ಟೆ ಒಣಗಿಸುವ ಹಗ್ಗವನ್ನೂ ಅಲ್ಲಿಂದ ಬಿಚ್ಚಿಸಿದ್ದೆ.

ಆ ಶನಿವಾರ ನೀನು ಬರುವಾಗ ಆರೂಕಾಲು. ಗುರುವಾಯನಕೆರೆಯಲ್ಲಿ ರಸ್ತೆ ಬ್ಲಾಕ್ ಎಂದೆ. ನನಗೆ ಹೊತ್ತು ಕಂತುವ ಮೊದಲು ಊಟ ಮುಗಿಯಬೇಕು, ಅಡುಗೆ ಆರುತ್ತಿತ್ತು. ನೀನು ಶೆಡ್ಡಿಗೆ ರಿವರ್ಸ್ ತೆಗೆದುಕೊಳ್ಳಲು ಹೊರಟರೆ ಕಾಲು ಗಂಟೆಯ ಕೆಲಸ. ಅಡುಗೆಮನೆಯ ಕಿಟಕಿಯಿಂದ ನಾನೇ ಕೂಗಿದೆ, "ಅಲ್ಲಿಯೇ ಬಿಟ್ಟು ಬಾ, ಮೊದಲು ಊಟ." ಬೇರೆ ಯಾರನ್ನೂ ಬಿಡದ ಜಾಗದಲ್ಲಿ ನಿನ್ನನ್ನು ನಿಲ್ಲಿಸಿದವಳು ನಾನು. ಎರಡು ಸಲ ಒಳಗೆ ಹಾಕ್ತೀಯಾ ಎಂದು ಕೇಳಿದ್ದು ನಿಜ. ಯಾಕೆ ಎಂದು ಮಾತ್ರ ಹೇಳಲಿಲ್ಲ. ಹೇಳಿದರೆ ಮರ ಯಾಕೆ ಕಡಿಸಲಿಲ್ಲ ಎಂದು ನೀನು ನಗಾಡುತ್ತಿದ್ದೆ. ನನ್ನ ವ್ರತಗಳನ್ನು ನೋಡಿ ನೀನು ನಗಾಡಿದರೆ ನನಗೆ ಈಗಲೂ ನೋವಾಗುತ್ತದೆ. ಅದನ್ನೂ ಎಂದೂ ಹೇಳಿರಲಿಲ್ಲ.

ಮರುದಿನ ನೀನು ಏಳುವ ಮೊದಲು ಅಂಗಳಕ್ಕೆ ಹೋದೆ. ನಾನು ಕಾಪಾಡಲು ಹೋದ ಜೇನು ನಿನ್ನ ಕಾರಿನ ಒಡೆದ ಗಾಜಿನ ಮೇಲೆ ಸತ್ತು ಬಿದ್ದಿತ್ತು. ಗೂಡು ಒಡೆದು ತುಪ್ಪ ಸೀಟಿಗೆ ಇಳಿಯುತ್ತಿತ್ತು. ಸತ್ತ ನೊಣ, ಗೂಡಿನ ಚೂರು, ಟೊಳ್ಳಿನ ಪುಡಿ ಎಲ್ಲವನ್ನೂ ಗುಡಿಸಿದೆ. ಚೊಕ್ಕ ಮಾಡಲಿಕ್ಕಲ್ಲ. ಗೆಲ್ಲಿನ ಟೊಳ್ಳು ನಿನಗೆ ಕಾಣಬಾರದೆಂದು. ನಿತ್ಯಾನಂದನನ್ನು ಅಂದೇ ಕರೆಸಿದ್ದೂ ಅದಕ್ಕೆ.

ರಿಷಭ್ ಹೇಳಿದ್ದರಲ್ಲಿ ಅರ್ಧ ಮಾತ್ರ ನಿನಗೆ ಬರೆದಿದ್ದೆ. ಉಳಿದರ್ಧ ಹೀಗೆ: "ಮರ ಹಾಳಾಗಿದೆ ಅಂತ ಮೊದಲೇ ಗೊತ್ತಿದ್ದೂ ಸುಮ್ಮನೆ ಕೂತಿದ್ದರೆ ಮಾತ್ರ ಮರದವರೇ ಕೊಡಬೇಕಾಗ್ತದೆ." ಗೆಲ್ಲು ಟೊಳ್ಳು ಎಂದು ಅವನಿಗೆ ನಾನು ಹೇಳಿರಲಿಲ್ಲ, ಜೇನಿಗೆ ಹೆದರಿ ಮರದ ಕೆಳಗೆ ಬಿಡುವುದಿಲ್ಲ ಎಂದೇ ಅವನು ತಿಳಿದಿದ್ದ. ಅವನು ಸಲೀಸಾಗಿ ಹೇಳಿ ಕೈ ತೊಳೆಯಲು ಎದ್ದುಹೋದ. ನಾನು ಮಾತ್ರ ಕೂತಲ್ಲೇ ಉಳಿದೆ. ನಿನಗೆ ಇನ್ಶೂರೆನ್ಸ್ ಇದೆಯಲ್ಲ, ನಿನಗೇನೂ ನಷ್ಟವಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಕಾರನ್ನೇ ಮಾರುತ್ತೇನೆಂದು ಬರೆದಾಗ ಅದು ಸಿಟ್ಟಿನ ಮಾತು ಎಂದುಕೊಂಡೆ.

ಜುಲೈ ಐದಕ್ಕೆ ಬ್ಯಾಂಕಿನಿಂದ ನಲುವತ್ತೆಂಟು ಸಾವಿರ ತೆಗೆದು ಸಲಾಂನ ಗ್ಯಾರೇಜಿಗೆ ಹೋದೆ. ನಿನ್ನ ಕಾರು ನಿಂತಿದ್ದ ಜಾಗದಲ್ಲಿ ಬೇರೆ ಯಾರದೋ ರಿಕ್ಷಾ ಇತ್ತು. "ಬುಧವಾರವೇ ಕೊಕ್ಕಡದವರು ಬಂದು ತೆಗೊಂಡು ಹೋದ್ರಲ್ಲ ಟೀಚರೇ" ಎಂದ. ಮೂರು ದಿನ ತಡ. ದುಡ್ಡಿನ ಚೀಲ ಹಿಡಿದುಕೊಂಡೇ ಬಸ್‌ಸ್ಟಾಂಡಿಗೆ ಬಂದು ಕೂತೆ. ಎರಡು ಬಸ್ಸು ಹೋದದ್ದು ಗೊತ್ತಾಗಲಿಲ್ಲ.

ಆ ದುಡ್ಡು ಹಾಗೆಯೇ ಇದೆ, ಅದು ನಿನ್ನದು. ಕ್ಷಮೆ ಕೇಳಲು ಇವತ್ತು ದಿನ ಒಳ್ಳೆಯದು ಎಂದು ಕೇಳುತ್ತಿಲ್ಲ. ನೀನು ಬರದ ನಾಲ್ಕು ಎರಡನೇ ಶನಿವಾರ ನನಗೆ ಬಹಳ ಕಷ್ಟವಾಯಿತು ಸರಸ, ಅದಕ್ಕೆ ಕೇಳುತ್ತಿದ್ದೇನೆ.

ಯಶೋಧಕ್ಕ



ಕಕ್ಕಿಂಜೆ
15 ಸೆಪ್ಟೆಂಬರ್ 2025

ಯಶೋಧಕ್ಕ,

ಮೊದಲು ನಿಮ್ಮ ಲೆಕ್ಕದಲ್ಲಿ ಒಂದು ತಪ್ಪು ತಿದ್ದುತ್ತೇನೆ. ನೀವು ಕಾಗದ ಬರೆದ ದಿನಕ್ಕೆ ನಾನು ಬರದ ಎರಡನೇ ಶನಿವಾರ ಮೂರೇ ಆಗಿದ್ದವು. ನಾಲ್ಕನೆಯದು ಮೊನ್ನೆ ಹೋಯಿತು. ಬರುವುದಿಲ್ಲ ಎಂದು ಗೊತ್ತಿದ್ದು ಮೊದಲೇ ಸೇರಿಸಿಕೊಂಡಿರಲ್ಲ, ಅದನ್ನು ಓದುವಾಗ ನನಗೆ ತಡೆಯಲಾಗಲಿಲ್ಲ.

ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಜೂನ್‌ನಲ್ಲಿ ಒಂದು ಸಾಲು ಹೀಗೆ ಬರೆದಿದ್ದರೆ ಕಾರು ಉಳಿಯುತ್ತಿತ್ತು. ಅಂಗಳ ಗುಡಿಸಿದ್ದಕ್ಕೆ ನಾನು ನಿಮ್ಮ ವಯಸ್ಸಿನ ಬಗ್ಗೆ ಮರುಗಿ ಬರೆದಿದ್ದೆನಲ್ಲ, ಅದನ್ನು ನೆನೆದು ಮೈ ಉರಿಯಿತು. ಎರಡನೇ ಸಲ ಓದುವಾಗ ಸಿಟ್ಟು ಅರ್ಧಕ್ಕೆ ನಿಂತಿತು. ಯಾಕೆಂದರೆ ನನ್ನ ಪಾಲಿನದ್ದು ನಿಮಗೆ ಗೊತ್ತೇ ಇಲ್ಲ.

ಇನ್ಶೂರೆನ್ಸ್ ಉಂಟು ಎಂದು ಬರೆದೆನಲ್ಲ, ಇದ್ದದ್ದು ಬರೇ ಥರ್ಡ್ ಪಾರ್ಟಿ. ನಾನು ಯಾರಿಗಾದರೂ ಗುದ್ದಿದರೆ ಅವರಿಗೆ ಸಿಗುತ್ತದೆ. ನನ್ನ ಮೇಲೆ ಆಕಾಶವೇ ಬಿದ್ದರೂ ನನಗೆ ಚಿಕ್ಕಾಸಿಲ್ಲ. ಈ ವರ್ಷ ಫುಲ್ ಮಾಡಿಸಲಿಲ್ಲ. ತಿಂಗಳಿಗೊಮ್ಮೆ ಶಿರ್ತಾಡಿಗೆ ಹೋಗಿ ಬರುವ ಗಾಡಿಗೆ ಅಷ್ಟು ಯಾಕೆ ಎಂದುಕೊಂಡೆ. ರಮಾನಾಥನಿಗೆ ಫುಲ್ ಎಂದಿದ್ದೆ, ನಿಮಗೂ ಫುಲ್ ಎಂದಿದ್ದೆ. ನೀವು ಆ ಸಾಲನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಂಡಿರಿ ಎಂದರೆ ಅದಕ್ಕೆ ಕಾರಣ ನಾನೇ. ನಿಜ ಹೇಳಿದ್ದರೆ ನೀವು ಮೇ ತಿಂಗಳಲ್ಲೇ ಬಾಯಿ ಬಿಡುತ್ತಿದ್ದಿರಿ. ನಿಮ್ಮನ್ನು ನಾನು ಅಷ್ಟು ಬಲ್ಲೆ.

ಇನ್ನೊಂದುಂಟು. ಮೋಡ ಕಪ್ಪಾದದ್ದನ್ನು ನಿಮಗಿಂತ ಮೊದಲು ನೋಡಿದವಳು ನಾನು. ಕಾರು ಮರದ ಕೆಳಗಿದೆ ಎಂದೂ ಹೊಳೆಯಿತು. ಆದರೆ ಏಳಲಿಲ್ಲ. ನನಗೆ ರಿವರ್ಸ್ ಬರುವುದಿಲ್ಲ ಯಶೋಧಕ್ಕ. ನಾಲ್ಕು ವರ್ಷವಾದರೂ ಬರುವುದಿಲ್ಲ. ಪ್ರತಿ ಸಲ ನೀವು ಸೌಟು ಹಿಡಿದುಕೊಂಡು ಹಿಂದೆ ನಿಂತು "ಬರಲಿ, ಬರಲಿ, ಎಡಕ್ಕೆ" ಎನ್ನುತ್ತೀರಲ್ಲ, ಅದರ ಬಲದಿಂದ ಒಳಗೆ ಹೋಗುತ್ತಿದ್ದೆ. ಮಬ್ಬುಗತ್ತಲಲ್ಲಿ, ರಿಷಭ್ ಮೇಘಾ ಇಬ್ಬರೂ ಜಗಲಿಗೆ ಬಂದು ನಿಂತಿದ್ದಾಗ, ಶೆಡ್ಡಿನ ಕಂಬಕ್ಕೆ ತಾಗಿಸಿ ನಗೆಪಾಟಲಾಗುವುದು ಬೇಡ ಎಂದು ಏನೂ ಆಗುವುದಿಲ್ಲ ಎಂದೆ. ನೀವು ಎರಡು ಸಲ ಕೇಳಿದಿರಿ ಎಂದು ಬರೆದಾಗ ನನಗೆ ಸಿಟ್ಟು ಬಂದದ್ದು ಸಿಕ್ಕಿಬಿದ್ದೆನಲ್ಲ ಎಂದು. ಅದಕ್ಕೇ ನಿಮ್ಮನ್ನು ಟೀಚರೇ ಎಂದು ಕರೆದು ಕಾಗದ ಮುಗಿಸಿದೆ.

ಹೀಗೆ ಇಬ್ಬರೂ ತಪ್ಪು ಮುಚ್ಚಿಟ್ಟು ಕೂತೆವು, ಕಾರು ಮಾತ್ರ ಹೋಯಿತು. ಕೊಕ್ಕಡದವರು ಅದನ್ನು ಸರಿಮಾಡಿಸಿ ಬಿಳಿ ಬಣ್ಣ ಹೊಡೆಸಿದ್ದಾರಂತೆ. ಅವರ ಮಗಳು ಕಲಿಯುತ್ತಿದ್ದಾಳಂತೆ. ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಪರವಾಗಿಲ್ಲ ಅನಿಸಿತು. ಹುಡುಗಿಗಾದರೂ ರಿವರ್ಸ್ ಬರಲಿ.

ನಿಮ್ಮ ನಲುವತ್ತೆಂಟು ಸಾವಿರ ನನಗೆ ಬೇಡ. ಕಾರೇ ಇಲ್ಲದ ಮೇಲೆ ಯಾವ ತಗಡಿಗೆ ಕೊಡುತ್ತೀರಿ? ಇನ್ನೊಂದು ಕಾರು ತೆಗೆದುಕೊಳ್ಳುವ ಧೈರ್ಯ ನನಗೂ ಇಲ್ಲ. ಈ ಮೊಣಕಾಲಿಗೆ ಕ್ಲಚ್ ಒತ್ತುವುದೂ ಈಗ ಕಷ್ಟ.

ಆದರೆ ನಿಮ್ಮಿಂದ ನನಗೆ ಬರಬೇಕಾದದ್ದು ಒಂದು ಉಂಟು. ಅದನ್ನು ಈ ಮೂರು ತಿಂಗಳು ಸುಮ್ಮನೆ ಕೂತು ಯೋಚಿಸಿದಾಗಲೇ ಕಂಡದ್ದು. 1991ರಿಂದ ಇವತ್ತಿನವರೆಗೆ ನೀವು ಒಮ್ಮೆಯೂ ನನ್ನ ಮನೆಗೆ ಬಂದಿಲ್ಲ. ಮೊದಲು ಬಸ್ಸಿನಲ್ಲಿ ನಾನೇ ಬಂದೆ, ಆಮೇಲೆ ಕಾರಿನಲ್ಲಿ ನಾನೇ ಬಂದೆ. ಹೊತ್ತು ಕಂತುವ ಮೊದಲು ನಿಮ್ಮ ಊಟವಾಗಬೇಕು, ಅಷ್ಟು ದೂರ ಬಂದು ಹೋಗಲಾಗುವುದಿಲ್ಲ ಎಂದು ನಿಮ್ಮ ಪರವಾಗಿ ಕಾರಣವನ್ನೂ ನಾನೇ ಹೇಳಿಕೊಂಡೆ. ಕೊಡಲೇಬೇಕು ಎಂದಿದ್ದರೆ ಮೂರು ಬಸ್ಸು ಹತ್ತಿ ಬನ್ನಿ. ಮೊದಲಿನ ಎರಡು ಪ್ರೈವೇಟ್, ಟಿಕೇಟು ತೆಗೆಯಬೇಕು. ಬೆಳ್ತಂಗಡಿಯಿಂದ ಚಾರ್ಮಾಡಿ ಕಡೆಗೆ ಹೋಗುವುದು ಸರ್ಕಾರಿ ಬಸ್ಸು, ಆಧಾರ್ ತೋರಿಸಿದರೆ ಹೆಂಗಸರಿಗೆ ಫ್ರೀ. ನೋಡಿ, ದಂಡ ಕೊಡುವುದರಲ್ಲೂ ಮೂರನೇ ಒಂದು ಪಾಲು ನೀವು ಬಚಾವ್.

ನಿಮ್ಮ ವ್ರತದ ಬಗ್ಗೆ ನಗಾಡಿದರೆ ನಿಮಗೆ ನೋವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇದಂತೂ ನಿಜವಾಗಿ ತಿಳಿಯದೆ ಮಾಡಿದ್ದು. ಕ್ಷಮಿಸಿ.

ಸರಸ



ಶಿರ್ತಾಡಿ
22 ಸೆಪ್ಟೆಂಬರ್ 2025

ಪ್ರೀತಿಯ ಸರಸ,

ರಿಷಭನಿಗೆ ಎಲ್ಲವನ್ನೂ ಹೇಳಿದೆ. ನಿತ್ಯಾನಂದ ಹೇಳಿದ್ದು, ಜೇನು, ಗುಡಿಸಿದ್ದು, ಎಲ್ಲ. "ಅತ್ತೆ, ನೀವು ಇದನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸಿದ್ರಾ?" ಎಂದು ತಲೆಗೆ ಕೈ ಹಚ್ಚಿದ. ಹೌದು ಎಂದೆ. "ಅವರು ಕೇಸು ಹಾಕಿದರೆ?" ಎಂದ. ಹಾಕಿಯಾಗಿದೆ, ತೀರ್ಪೂ ಬಂದಿದೆ, ಮೂರು ಬಸ್ಸು ಹತ್ತುವ ಶಿಕ್ಷೆ ಎಂದೆ. ಮೇಘಾ ನಕ್ಕಳು. ಅವನು ಕಾರಿನಲ್ಲಿ ಬಿಡುತ್ತೇನೆ ಎಂದ. ಬೇಡ ಎಂದೆ.

ನಾನು ಒಮ್ಮೆಯೂ ನಿನ್ನ ಮನೆಗೆ ಬಂದಿಲ್ಲ ಎಂಬ ಆ ಸಾಲು ಓದಿದ ಮೇಲೆ ಒಂದು ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ನಿನ್ನ ಕೈಬರಹ ನನಗೆ ಕತ್ತಲಲ್ಲೂ ಗುರುತು ಸಿಗುತ್ತದೆ. ನೀನು ಯಾವ ಮಾತಿಗೆ ಮುಖ ಸಣ್ಣ ಮಾಡುತ್ತೀ, ಯಾವ ಪಲ್ಯವನ್ನು ಬದಿಗೆ ಸರಿಸುತ್ತೀ ಎಲ್ಲ ಗೊತ್ತು. ನಿನ್ನ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲ. ಲಕೋಟೆಯ ಮೇಲೆ ಇಷ್ಟು ವರ್ಷ ಆ ವಿಳಾಸವನ್ನು ಬರೆದವಳಿಗೆ ಒಮ್ಮೆಯೂ ಅಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಇದಕ್ಕೆ ನಾನು ವ್ರತವನ್ನು ಅಡ್ಡ ಹಿಡಿಯಲಾರೆ. ನೀನು ಬರುತ್ತೀ ಎಂಬ ಧೈರ್ಯ ನನಗೆ, ಅಷ್ಟೇ.

ದುಡ್ಡು ಬೇಡ ಎಂದಿದ್ದೀ. ಸರಿ, ಅದರ ಜಗಳ ಎದುರು ಕೂತು ಮಾಡುವ.

ಅಕ್ಟೋಬರ್ ಹನ್ನೊಂದು ಎರಡನೇ ಶನಿವಾರ. ಬೆಳಿಗ್ಗೆ ಏಳಕ್ಕೆ ಇಲ್ಲಿಂದ ಹೊರಡುತ್ತೇನೆ. ಅಂದು ಅಲ್ಲಿಯೇ ಉಳಿದು ಮರುದಿನ ಬರುವುದು. ಸಂಜೆ ಆರಕ್ಕೆಲ್ಲ ಊಟ ಆಗಬೇಕು. ಬಟಾಟೆ, ನೀರುಳ್ಳಿ, ಕ್ಯಾರೆಟ್ ಬೇಡ, ನೆಲದಡಿಯದ್ದು ಯಾವುದೂ ಬೇಡ. ರಮಾನಾಥನ ಹೆಂಡತಿಗೆ ತೊಂದರೆಯಾಗುವುದಾದರೆ ಬರೇ ಅನ್ನ ಮಜ್ಜಿಗೆ ಸಾಕು. ನಿನ್ನ ಕನ್ನಡಕದ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಆಗಿದೆ.

ಹನ್ನೊಂದೂವರೆಗೆ ಬಸ್ಸು ಮುಟ್ಟುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ನಿನ್ನ ಮೊಬೈಲು ಹೇಗೂ ಹತ್ತುವುದಿಲ್ಲ. ಕಕ್ಕಿಂಜೆ ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿ ಮೊದಲೇ ಬಂದು ನಿಂತಿರು ಸರಸ. ಅಲ್ಲಿಂದ ನಿನ್ನ ಮನೆಗೆ ದಾರಿ ನನಗೆ ಗೊತ್ತಿಲ್ಲ.

ನಿನ್ನ
ಯಶೋಧಕ್ಕ